ಶೌಚಾಲಯಗಳ ಎಣಿಕೆಯಿಂದ ಪರಿಣಾಮದ ಅಳತೆಗೆ: ನೈರ್ಮಲ್ಯ ಕಾರ್ಯಕ್ರಮಗಳ ಅಂತರರಾಷ್ಟ್ರೀಯ ಅನುಭವ

ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಸಭೆಯಲ್ಲಿ ನೈರ್ಮಲ್ಯದ ವಿಷಯ ಬಂದಾಗ ಮೊದಲು ಮಂಡನೆಯಾಗುವುದು ಶೌಚಾಲಯಗಳ ಸಂಖ್ಯೆ. ಎಷ್ಟು ಮನೆಗಳಿಗೆ ಕಾರ್ಯಾದೇಶ ನೀಡಲಾಗಿದೆ, ಎಷ್ಟು ಪೂರ್ಣಗೊಂಡಿವೆ, ಎಷ್ಟು ಫಲಾನುಭವಿಗಳಿಗೆ 12,000 ರೂಪಾಯಿಗಳ ಪ್ರೋತ್ಸಾಹಧನ ಪಾವತಿಯಾಗಿದೆ ಎಂಬ ವಿವರಗಳು ಕಡತದಲ್ಲಿ ಸಿದ್ಧವಾಗಿರುತ್ತವೆ. ಆದರೆ ಆ ಶೌಚಾಲಯಗಳಿಂದ ಗ್ರಾಮದಲ್ಲಿ ಏನು ಬದಲಾಯಿತು ಎಂದು ಸದಸ್ಯರೊಬ್ಬರು ಕೇಳಿದರೆ ಉತ್ತರ ಕಡತದಲ್ಲಿ ಸಿಗುವುದಿಲ್ಲ. ಇದು ನಮ್ಮ ಪಂಚಾಯಿತಿಗಳ ಕೊರತೆ ಮಾತ್ರವಲ್ಲ. ಜಗತ್ತಿನ ದೊಡ್ಡ ಸಂಸ್ಥೆಗಳು ಅನೇಕ ವರ್ಷಗಳ ಕಾಲ ಇದೇ ಪ್ರಶ್ನೆಯ ಮುಂದೆ ನಿಂತಿದ್ದವು. ಅವು ಉತ್ತರ ಹುಡುಕಿದ ಬಗೆ, ಅದರಲ್ಲಿ ದೊರೆತ ಅನಿರೀಕ್ಷಿತ ಫಲಿತಾಂಶಗಳು ಮತ್ತು ನಮ್ಮ ಮುಂದಿನ ಯೋಜನೆಗೆ ಅವುಗಳಿಂದ ಸಿಗುವ ಪಾಠಗಳನ್ನು ಮಾನ್ಯ ಸದಸ್ಯರ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶ.

ಯೋಜನೆಯ ಸರಪಳಿ

ಯಾವುದೇ ಕಾರ್ಯಕ್ರಮವನ್ನು ಐದು ಕೊಂಡಿಗಳ ಸರಪಳಿಯಾಗಿ ನೋಡುವುದು ಅಂತರರಾಷ್ಟ್ರೀಯ ಸಂಸ್ಥೆಗಳ ರೂಢಿ. ಮೊದಲನೆಯದು ಹೂಡಿಕೆ, ಅಂದರೆ ಹಣ, ಸಿಬ್ಬಂದಿ ಮತ್ತು ಸಾಮಗ್ರಿ. ಎರಡನೆಯದು ಚಟುವಟಿಕೆ, ಅಂದರೆ ಜಾಗೃತಿ ಸಭೆ, ಗಾರೆ ಕೆಲಸದವರ ತರಬೇತಿ, ನಿರ್ಮಾಣ. ಮೂರನೆಯದು ಉತ್ಪನ್ನ: ಕಟ್ಟಿ ಮುಗಿದ ಶೌಚಾಲಯ. ನಾಲ್ಕನೆಯದು ಫಲಿತ: ಮನೆಯ ಎಲ್ಲರೂ ಎಲ್ಲ ಕಾಲದಲ್ಲಿಯೂ ಅದನ್ನು ಬಳಸುವುದು. ಐದನೆಯದು ಪರಿಣಾಮ: ಮಕ್ಕಳಲ್ಲಿ ಭೇದಿ ಕಡಿಮೆಯಾಗುವುದು, ಬೆಳವಣಿಗೆ ಸುಧಾರಿಸುವುದು, ಹೆಣ್ಣುಮಕ್ಕಳಿಗೆ ಸುರಕ್ಷತೆ ಮತ್ತು ಗೌರವ ದೊರೆಯುವುದು.

ನಮ್ಮ ಕಡತಗಳು ಮೂರನೆಯ ಕೊಂಡಿಗೆ ನಿಲ್ಲುತ್ತವೆ, ಘೋಷಣೆಗಳು ಐದನೆಯದನ್ನು ಕುರಿತು ಮಾತನಾಡುತ್ತವೆ. ನಡುವಿನ ನಾಲ್ಕನೆಯ ಕೊಂಡಿಯನ್ನು ಯಾರೂ ಪರಿಶೀಲಿಸದೆ ಬಿಡುತ್ತಾರೆ. ಸರಪಳಿ ಹೆಚ್ಚಾಗಿ ತುಂಡಾಗುವುದು ಅಲ್ಲಿಯೇ.

ಮಲದಿಂದ ಬಾಯಿಗೆ ರೋಗಾಣು ಸಾಗುವ ದಾರಿಗಳನ್ನು ನೆನಪಿಸಿಕೊಂಡರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 1958ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವ್ಯಾಗ್ನರ್ ಮತ್ತು ಲನ್ವಾ ಎಂಬ ತಜ್ಞರು ಗ್ರಾಮೀಣ ಮಲ ವಿಲೇವಾರಿ ಕುರಿತು ಬರೆದ ಗ್ರಂಥದ ಕಾಲದಿಂದಲೂ ಈ ದಾರಿಗಳನ್ನು ಚಿತ್ರರೂಪದಲ್ಲಿ ಬೋಧಿಸಲಾಗುತ್ತಿದೆ. ನೀರು, ಕೈಬೆರಳು, ನೊಣ ಮತ್ತು ಹೊಲದ ಮಣ್ಣು ಎಂಬ ನಾಲ್ಕು ದಾರಿಗಳು ಆಹಾರದ ಮೂಲಕವೋ ನೇರವಾಗಿಯೋ ಬಾಯಿಯನ್ನು ಸೇರುತ್ತವೆ. ಶೌಚಾಲಯವು ಆರಂಭದಲ್ಲಿಯೇ ಹಾಕುವ ತಡೆಗೋಡೆ. ಗೋಡೆಯಲ್ಲಿ ಅಲ್ಲಲ್ಲಿ ಬಿರುಕು ಉಳಿದರೆ ರೋಗಾಣು ಅದರ ಮೂಲಕವೇ ಹೊರಬರುತ್ತದೆ.

ಜಗತ್ತು ಬಳಸುವ ಅಳತೆಗೋಲು

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1990ರಿಂದ ಜಂಟಿಯಾಗಿ ದೇಶಗಳ ನೀರು ಮತ್ತು ನೈರ್ಮಲ್ಯದ ಸ್ಥಿತಿಯನ್ನು ಅಳೆಯುತ್ತಿವೆ. ಸಹಸ್ರಮಾನದ ಅಭಿವೃದ್ಧಿ ಗುರಿಗಳ ಕಾಲದಲ್ಲಿ ಸುಧಾರಿತ ಶೌಚಾಲಯ ಬಳಸುವವರ ಪ್ರಮಾಣ 2015ರ ವೇಳೆಗೆ ಶೇ 77 ಆಗಬೇಕಿತ್ತು. ಮುಟ್ಟಿದ್ದು ಶೇ 68. ಅನಂತರ ಬಂದ ಸುಸ್ಥಿರ ಅಭಿವೃದ್ಧಿಯ 6.2ನೆಯ ಗುರಿಯು 2030ರೊಳಗೆ ಬಯಲು ಶೌಚವನ್ನು ಕೊನೆಗಾಣಿಸುವುದರ ಜೊತೆಗೆ ಎಲ್ಲರಿಗೂ ಸಮರ್ಪಕ ಮತ್ತು ಸಮಾನ ನೈರ್ಮಲ್ಯ ಒದಗಿಸಬೇಕೆಂದೂ, ಮಹಿಳೆಯರು ಹಾಗೂ ದುರ್ಬಲ ಸ್ಥಿತಿಯಲ್ಲಿರುವವರ ಅಗತ್ಯಗಳಿಗೆ ವಿಶೇಷ ಗಮನ ನೀಡಬೇಕೆಂದೂ ಹೇಳುತ್ತದೆ.

ಇದರೊಂದಿಗೆ ಅಳತೆಗೋಲೂ ಬದಲಾಯಿತು. ಈಗ ಬಳಕೆಯಲ್ಲಿರುವುದು ಐದು ಮೆಟ್ಟಿಲುಗಳ ಏಣಿ. ಕೆಳಗಿನ ಮೆಟ್ಟಿಲು ಬಯಲು ಶೌಚ. ಅದರ ಮೇಲೆ ಚಪ್ಪಡಿಯಿಲ್ಲದ ತೆರೆದ ಗುಂಡಿಯಂತಹ ಅಸುಧಾರಿತ ವ್ಯವಸ್ಥೆ. ಮೂರನೆಯದು ಸುಧಾರಿತವಾಗಿದ್ದರೂ ಹಲವು ಕುಟುಂಬಗಳು ಹಂಚಿಕೊಳ್ಳುವ ಸೀಮಿತ ವ್ಯವಸ್ಥೆ. ನಾಲ್ಕನೆಯದು ಒಂದೇ ಕುಟುಂಬ ಬಳಸುವ ಸುಧಾರಿತ ಶೌಚಾಲಯ. ಇದನ್ನು ಮೂಲಭೂತ ವ್ಯವಸ್ಥೆ ಎನ್ನುತ್ತಾರೆ. ಐದನೆಯದು ಸುರಕ್ಷಿತವಾಗಿ ನಿರ್ವಹಿಸಿದ ನೈರ್ಮಲ್ಯ: ಮಲವು ಸ್ಥಳದಲ್ಲಿಯೇ ಸುರಕ್ಷಿತವಾಗಿ ವಿಲೇವಾರಿಯಾಗಬೇಕು, ಇಲ್ಲವೇ ಬೇರೆಡೆಗೆ ಸಾಗಿ ಸಂಸ್ಕರಣೆಗೊಳ್ಳಬೇಕು. ಅಂದರೆ ಬಾಗಿಲು ಮತ್ತು ಬೇಸಿನ್ ನೋಡಿ ಅಂಕ ಕೊಡುವ ಕಾಲ ಮುಗಿದಿದೆ. ಗುಂಡಿಯಲ್ಲಿರುವುದು ಎಲ್ಲಿಗೆ ಹೋಗುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಪುರಿ ಜಿಲ್ಲೆಯ 100 ಗ್ರಾಮಗಳು

ಈ ವಿಷಯದಲ್ಲಿ ಬಹು ಚರ್ಚಿತವಾದ ಅಧ್ಯಯನ ನಡೆದದ್ದು ನಮ್ಮ ದೇಶದಲ್ಲಿಯೇ, ಒಡಿಶಾದ ಪುರಿ ಜಿಲ್ಲೆಯಲ್ಲಿ. ಸಂಪೂರ್ಣ ಸ್ವಚ್ಛತಾ ಆಂದೋಲನದ ಅಡಿಯಲ್ಲಿ 100 ಗ್ರಾಮಗಳನ್ನು ಆರಿಸಿ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನಲ್ಲಿ 2011ರಲ್ಲಿ ಕಾರ್ಯಕ್ರಮ ನಡೆಯಿತು. ಇನ್ನೊಂದು ಗುಂಪು ಹೋಲಿಕೆಗಾಗಿ ಉಳಿಯಿತು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು.

ಕಾರ್ಯಕ್ರಮ ನಡೆದ ಗ್ರಾಮಗಳಲ್ಲಿ ಶೌಚಾಲಯವಿರುವ ಮನೆಗಳ ಪ್ರಮಾಣ ಶೇ 9ರಿಂದ ಶೇ 63ಕ್ಕೆ ಏರಿತು. ಹೋಲಿಕೆಯ ಗ್ರಾಮಗಳಲ್ಲಿ ಅದು ಶೇ 8ರಿಂದ ಶೇ 12 ಮಾತ್ರ ಆಯಿತು. ಕಡತದ ದೃಷ್ಟಿಯಿಂದ ಇದು ಉತ್ತಮ ಪ್ರಗತಿ. ಆದರೆ ಐದು ವರ್ಷದೊಳಗಿನ ಮಕ್ಕಳಲ್ಲಿ ಹಿಂದಿನ ಏಳು ದಿನಗಳಲ್ಲಿ ಭೇದಿ ಆದವರ ಪ್ರಮಾಣ ಕಾರ್ಯಕ್ರಮದ ಗ್ರಾಮಗಳಲ್ಲಿ ಶೇ 8.8, ಹೋಲಿಕೆಯ ಗ್ರಾಮಗಳಲ್ಲಿ ಶೇ 9.1. ಅಂದರೆ ಗಣನೀಯ ವ್ಯತ್ಯಾಸವೇ ಇರಲಿಲ್ಲ.

ಕಾರಣ ಹುಡುಕಿದಾಗ ಎರಡು ಸಂಗತಿಗಳು ಎದ್ದು ಕಂಡವು. ಮೊದಲನೆಯದಾಗಿ, ಬಳಸಲು ಯೋಗ್ಯವಾದ ಶೌಚಾಲಯವಿದ್ದದ್ದು ಸುಮಾರು ಶೇ 38 ಮನೆಗಳಲ್ಲಿ ಮಾತ್ರ. ಎರಡನೆಯದಾಗಿ, ಶೌಚಾಲಯವಿದ್ದ ಮನೆಗಳಲ್ಲಿಯೂ ಎಲ್ಲ ಸದಸ್ಯರು ಅದನ್ನು ಬಳಸುತ್ತಿರಲಿಲ್ಲ. ಊರಿನ ಅರ್ಧಕ್ಕಿಂತ ಹೆಚ್ಚು ಮಲ ಮೊದಲಿನಂತೆಯೇ ಬಯಲಿಗೆ ಸೇರುತ್ತಿದ್ದರೆ ಶೌಚಾಲಯವಿರುವ ಮನೆಯ ಮಗುವಿಗೂ ರಕ್ಷಣೆ ಸಿಗುವುದಿಲ್ಲ. ನೊಣಕ್ಕೆ ಮನೆಗಳ ನಡುವಿನ ಗಡಿ ತಿಳಿಯದು.

ಬಾಂಗ್ಲಾದೇಶ: ಪ್ರೇರಣೆಯೋ ಸಹಾಯಧನವೋ

ಸಹಾಯಧನವಿಲ್ಲದೆ ಸಮುದಾಯದ ಪ್ರೇರಣೆಯಿಂದಲೇ ಬಯಲು ಶೌಚ ನಿಲ್ಲಿಸಬಹುದೆಂಬ ವಿಧಾನ ಹುಟ್ಟಿದ್ದು ಬಾಂಗ್ಲಾದೇಶದ ರಾಜಶಾಹಿ ಜಿಲ್ಲೆಯ ಮೊಸ್ಮೊಯಿಲ್ ಗ್ರಾಮದಲ್ಲಿ, 1999-2000ರ ಸುಮಾರಿನಲ್ಲಿ. ಭಾರತದ ಕಮಲ್ ಕರ್ ಅವರು ರೂಪಿಸಿದ ಈ ವಿಧಾನದಲ್ಲಿ ಗ್ರಾಮಸ್ಥರೇ ನೆಲದ ಮೇಲೆ ಊರಿನ ನಕ್ಷೆ ಬರೆದು, ಬಯಲು ಶೌಚದ ಸ್ಥಳಗಳನ್ನು ಗುರುತಿಸಿ, ಊರಿನ ಮಲ ತಮ್ಮ ಊಟಕ್ಕೇ ಮರಳುತ್ತಿದೆ ಎಂಬುದನ್ನು ಸ್ವತಃ ಕಂಡುಕೊಳ್ಳುತ್ತಾರೆ. ಅನಂತರ ಇದು ಏಷ್ಯಾ ಮತ್ತು ಆಫ್ರಿಕಾದ ಹಲವಾರು ದೇಶಗಳಿಗೆ ಹರಡಿತು.

ಅದೇ ರಾಜಶಾಹಿ ಜಿಲ್ಲೆಯ ತಾನೋರ್ ಪ್ರದೇಶದಲ್ಲಿ ಸಂಶೋಧಕರು ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದ ವ್ಯಾಪ್ತಿಯಲ್ಲಿ 18,000ಕ್ಕೂ ಹೆಚ್ಚು ಮನೆಗಳಿದ್ದವು. ಕೇವಲ ಪ್ರೇರಣೆ ನೀಡಿದ ಕಡೆ ಶೌಚಾಲಯ ಹೊಂದುವವರ ಪ್ರಮಾಣ ಹೆಚ್ಚಲಿಲ್ಲ. ಪ್ರೇರಣೆಯ ಜೊತೆಗೆ ಬಡ ಕುಟುಂಬಗಳಿಗೆ ಸಹಾಯಧನದ ಚೀಟಿ ನೀಡಿದ ಕಡೆ, ಚೀಟಿ ಪಡೆದವರಲ್ಲಿ ಶೌಚಾಲಯ ಹೊಂದುವವರ ಪ್ರಮಾಣ ಶೇಕಡಾವಾರು 22 ಅಂಶಗಳಷ್ಟು ಏರಿತು. ಗಮನಿಸಬೇಕಾದ ಸಂಗತಿಯೆಂದರೆ, ಚೀಟಿ ಸಿಗದ ನೆರೆಮನೆಗಳಲ್ಲಿಯೂ ಅದು 8.5 ಅಂಶಗಳಷ್ಟು ಏರಿತು. ನೆರೆಯವರು ಕಟ್ಟಿಕೊಂಡದ್ದನ್ನು ಕಂಡು ಇವರೂ ಕಟ್ಟಿಕೊಂಡರು. ಸಹಾಯಧನವನ್ನು ಊರಿನಲ್ಲಿ ಚದುರಿಸಿ ಹಂಚುವುದಕ್ಕಿಂತ ಒಂದು ಕೇರಿಯನ್ನು ಒಮ್ಮೆಗೇ ಪೂರ್ಣಗೊಳಿಸುವುದು ಹೆಚ್ಚು ಫಲ ನೀಡಬಹುದೆಂಬ ವಿಚಾರಕ್ಕೆ ಇಲ್ಲಿ ಆಧಾರವಿದೆ.

ಮಾಲಿ, ಕೆನ್ಯಾ, ಜಿಂಬಾಬ್ವೆ

ಪಶ್ಚಿಮ ಆಫ್ರಿಕಾದ ಮಾಲಿ ದೇಶದ 121 ಗ್ರಾಮಗಳಲ್ಲಿ 2011ರಿಂದ 2013ರವರೆಗೆ ನಡೆದ ಅಧ್ಯಯನದ ಫಲಿತಾಂಶ ಬೇರೆಯೇ ಆಗಿತ್ತು. ಸಮುದಾಯ ಪ್ರೇರಣೆಯ ವಿಧಾನ ಅನುಸರಿಸಿದ ಗ್ರಾಮಗಳಲ್ಲಿ ಶೇ 65 ಕುಟುಂಬಗಳು ಸ್ವಂತ ಶೌಚಾಲಯ ಹೊಂದಿದ್ದವು. ಉಳಿದ ಗ್ರಾಮಗಳಲ್ಲಿ ಶೇ 35. ಭೇದಿಯ ಪ್ರಮಾಣದಲ್ಲಿ ಇಲ್ಲಿಯೂ ಗಣನೀಯ ವ್ಯತ್ಯಾಸವಿರಲಿಲ್ಲ. ಆದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ಕಾರ್ಯಕ್ರಮದ ಗ್ರಾಮಗಳಲ್ಲಿ ಶೇ 35, ಉಳಿದೆಡೆ ಶೇ 41 ಇದ್ದರು. ಭೇದಿಯನ್ನು ಮಾತ್ರ ಕೇಳಿ ಎತ್ತರವನ್ನು ಅಳೆಯದೆ ಇದ್ದಿದ್ದರೆ ಕಾರ್ಯಕ್ರಮ ವಿಫಲವಾಯಿತೆಂದು ಬರೆದು ಕಡತ ಮುಚ್ಚಲಾಗುತ್ತಿತ್ತು. ಏನನ್ನು ಅಳೆಯಬೇಕೆಂಬ ನಿರ್ಧಾರವನ್ನು ಯೋಜನೆಯ ಆರಂಭದಲ್ಲಿಯೇ ಮಾಡಬೇಕಾದದ್ದು ಈ ಕಾರಣಕ್ಕಾಗಿ.

2018 ಮತ್ತು 2019ರಲ್ಲಿ ಬಾಂಗ್ಲಾದೇಶ, ಕೆನ್ಯಾ ಹಾಗೂ ಜಿಂಬಾಬ್ವೆಗಳಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ, ಹುಟ್ಟಿದ ಮಕ್ಕಳನ್ನು ಅನುಸರಿಸಿದ ಮೂರು ದೊಡ್ಡ ಅಧ್ಯಯನಗಳ ವರದಿಗಳು ಬಂದವು. ಬಾಂಗ್ಲಾದೇಶದಲ್ಲಿ ನೈರ್ಮಲ್ಯದ ಗುಂಪಿನಲ್ಲಿ ಭೇದಿ ಶೇ 5.7ರಿಂದ ಶೇ 3.5ಕ್ಕೆ ಇಳಿದಿತ್ತು. ಕೆನ್ಯಾ ಮತ್ತು ಜಿಂಬಾಬ್ವೆಯಲ್ಲಿ ಇಳಿಕೆ ಕಾಣಲಿಲ್ಲ. ಮಕ್ಕಳ ಎತ್ತರದ ಮೇಲೆ ಶೌಚಾಲಯ, ಕೈತೊಳೆಯುವಿಕೆ ಮತ್ತು ನೀರಿನ ಶುದ್ಧೀಕರಣದಿಂದ ಮೂರೂ ದೇಶಗಳಲ್ಲಿ ಪರಿಣಾಮವಾಗಲಿಲ್ಲ. ಪೂರಕ ಪೋಷಣೆ ನೀಡಿದ ಕಡೆ ಮಾತ್ರ ಸುಧಾರಣೆ ಕಂಡಿತು. ಜಾನುವಾರು ಮತ್ತು ಕೋಳಿಗಳ ಮಲ, ಅಂಗಳದ ಮಣ್ಣು, ಎಲ್ಲೆಂದರಲ್ಲಿ ಎಸೆಯುವ ಎಳೆಮಕ್ಕಳ ಮಲ ಇವೆಲ್ಲವೂ ಉಳಿದಿರುವಾಗ ಕಡಿಮೆ ವೆಚ್ಚದ ಶೌಚಾಲಯವೊಂದರಿಂದ ಪರಿಸರ ಸಾಕಷ್ಟು ಶುದ್ಧವಾಗುವುದಿಲ್ಲ ಎಂಬುದು ತಜ್ಞರು ನೀಡಿದ ವಿವರಣೆಗಳಲ್ಲಿ ಒಂದು.

ಇದರಿಂದ ಶೌಚಾಲಯ ನಿರರ್ಥಕವೆಂಬ ತೀರ್ಮಾನಕ್ಕೆ ಬರಬಾರದು. ಕತ್ತಲಾಗುವವರೆಗೆ ಕಾಯಬೇಕಾದ ಹೆಣ್ಣುಮಗಳಿಗೆ, ನಡೆಯಲಾರದ ವೃದ್ಧರಿಗೆ, ಅಂಗವಿಕಲರಿಗೆ ಮನೆಯ ಶೌಚಾಲಯ ನೀಡುವ ನೆಮ್ಮದಿಯೂ ಒಂದು ಪರಿಣಾಮವೇ. ಆದರೆ ಅದನ್ನೂ ಅವರನ್ನೇ ಕೇಳಿ ದಾಖಲಿಸಬೇಕು, ಊಹಿಸಿ ಬರೆಯಬಾರದು.

ವ್ಯಾಖ್ಯಾನ ಬದಲಾದರೆ ಅಂಕಿಯೂ ಬದಲಾಗುತ್ತದೆ

ಪ್ಲಾನ್ ಇಂಟರ್‌ನ್ಯಾಷನಲ್ ಸಂಸ್ಥೆಯು ಇಥಿಯೋಪಿಯಾ, ಕೆನ್ಯಾ, ಸಿಯೆರಾ ಲಿಯೋನ್ ಮತ್ತು ಉಗಾಂಡಾಗಳಲ್ಲಿ, ಬಯಲು ಶೌಚ ಮುಕ್ತವೆಂದು ಘೋಷಣೆಯಾಗಿದ್ದ ಗ್ರಾಮಗಳ ಸ್ಥಿತಿಯನ್ನು ಪರಿಶೀಲಿಸಿ 2013ರಲ್ಲಿ ವರದಿ ನೀಡಿತು. ಶೌಚಾಲಯವಿದೆಯೇ, ಬಳಕೆಯೋಗ್ಯವೇ ಎಂದು ಮಾತ್ರ ನೋಡಿದಾಗ ಶೇ 87 ಮನೆಗಳು ಉತ್ತೀರ್ಣವಾದವು. ಗುಂಡಿಯ ಮುಚ್ಚಳ, ಕೈತೊಳೆಯಲು ನೀರು ಮತ್ತು ಸಾಬೂನು ಮುಂತಾದ ಎಲ್ಲ ಮಾನದಂಡಗಳನ್ನೂ ಅನ್ವಯಿಸಿದಾಗ ಶೇ 92 ಮನೆಗಳು ಅನುತ್ತೀರ್ಣವಾದವು. ಮನೆಗಳು ಅವೇ, ಭೇಟಿಯೂ ಒಂದೇ; ವ್ಯಾಖ್ಯಾನ ಮಾತ್ರ ಬೇರೆ. ಹೀಗಾಗಿ ಗ್ರಾಮಸಭೆಯಲ್ಲಿ ಶೇಕಡಾವಾರು ಓದುವ ಮೊದಲು ಯಾವ ಮಾನದಂಡದಿಂದ ಅಳೆಯಲಾಗಿದೆ ಎಂಬುದನ್ನು ಓದಬೇಕು.

ಪ್ರಶ್ನೆ ಕೇಳುವ ರೀತಿಯೂ ಅಷ್ಟೇ ಮುಖ್ಯ. ಉತ್ತರ ಭಾರತದ ಐದು ರಾಜ್ಯಗಳಲ್ಲಿ 2013-14ರಲ್ಲಿ ನಡೆದ ಸಮೀಕ್ಷೆಯೊಂದು ಮನೆಯ ಪ್ರತಿಯೊಬ್ಬರ ಬಗ್ಗೆಯೂ ಪ್ರತ್ಯೇಕವಾಗಿ ವಿಚಾರಿಸಿತು. ಬಳಕೆಯೋಗ್ಯ ಶೌಚಾಲಯವಿದ್ದ ಮನೆಗಳಲ್ಲಿ ಶೇ 40ಕ್ಕೂ ಹೆಚ್ಚು ಮನೆಗಳಲ್ಲಿ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರು. "ನಿಮ್ಮ ಮನೆಯವರು ಶೌಚಾಲಯ ಬಳಸುತ್ತಾರೆಯೇ?" ಎಂದು ಒಂದೇ ಪ್ರಶ್ನೆ ಕೇಳಿದರೆ ಈ ಸಂಗತಿ ಹೊರಬರುವುದಿಲ್ಲ.

ಆ ಸಂಶೋಧಕರು ಗುರುತಿಸಿದ ಪ್ರಮುಖ ಕಾರಣವನ್ನು ಸದಸ್ಯರು ಗಮನಿಸಬೇಕು. ಗುಂಡಿ ಬೇಗ ತುಂಬುತ್ತದೆ, ತುಂಬಿದರೆ ಯಾರು ತೆಗೆಯಬೇಕು ಎಂಬ ಅಂಜಿಕೆ, ಅದರ ಹಿಂದಿರುವ ಮಡಿಮೈಲಿಗೆ ಮತ್ತು ಜಾತಿಯ ಭಾವನೆ ಜನರನ್ನು ಬಯಲಿಗೆ ಕಳುಹಿಸುತ್ತಿತ್ತು. ಗುಂಡಿಯನ್ನು ಮನುಷ್ಯರಿಂದ ಸ್ವಚ್ಛಗೊಳಿಸುವ ಅಮಾನವೀಯ ಪದ್ಧತಿಯನ್ನು 2013ರ ಕಾಯ್ದೆ ನಿಷೇಧಿಸಿದೆ. ಇದಕ್ಕೆ ತಾಂತ್ರಿಕ ಪರಿಹಾರ ಅವಳಿ ಇಂಗುಗುಂಡಿ. ಒಂದು ತುಂಬಿದಾಗ ಹರಿವನ್ನು ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಮುಚ್ಚಿ ಒಂದೆರಡು ವರ್ಷ ಬಿಟ್ಟರೆ ಒಳಗಿನದು ಕೊಳೆತು ಗೊಬ್ಬರವಾಗುತ್ತದೆ. ಆದರೆ ಎರಡನೆಯ ಗುಂಡಿಯನ್ನು ಕಟ್ಟದೆ ಬಿಟ್ಟರೆ, ಅಥವಾ ಎರಡಕ್ಕೂ ಒಟ್ಟಿಗೆ ನೀರು ಹರಿಯುವಂತೆ ಜೋಡಿಸಿದರೆ ಅದು ಹೆಸರಿಗೆ ಮಾತ್ರ ಅವಳಿ ಗುಂಡಿ. ಇದನ್ನು ಛಾಯಾಚಿತ್ರದಲ್ಲಿ ಕಾಣಲಾಗುವುದಿಲ್ಲ. ತಿರುವು ತೊಟ್ಟಿಯ ಮುಚ್ಚಳ ತೆಗೆದು ನೋಡಬೇಕು.

ಸ್ವತಂತ್ರ ಪರಿಶೀಲನೆ

ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಕಾರ್ಯಕ್ರಮಕ್ಕೆ ವಿಶ್ವಬ್ಯಾಂಕ್ 2015ರ ಡಿಸೆಂಬರ್‌ನಲ್ಲಿ 150 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಹಣ ಬಿಡುಗಡೆಯು ವೆಚ್ಚದ ರಸೀದಿಗಳಿಗೆ ಬದಲಾಗಿ ಸ್ವತಂತ್ರ ಸಂಸ್ಥೆಯೊಂದು ಪರಿಶೀಲಿಸಿದ ಫಲಿತಾಂಶಗಳಿಗೆ ಒಳಪಟ್ಟಿತ್ತು. ಇದರ ಅಂಗವಾಗಿ ರಾಷ್ಟ್ರೀಯ ವಾರ್ಷಿಕ ಗ್ರಾಮೀಣ ನೈರ್ಮಲ್ಯ ಸಮೀಕ್ಷೆ ಆರಂಭವಾಯಿತು. 2018-19ರಲ್ಲಿ 6,136 ಗ್ರಾಮಗಳ 92,000ಕ್ಕೂ ಹೆಚ್ಚು ಮನೆಗಳನ್ನು ಸಂದರ್ಶಿಸಿದ ಈ ಸಮೀಕ್ಷೆ, ಶೇ 93.1 ಮನೆಗಳಿಗೆ ಶೌಚಾಲಯದ ಲಭ್ಯತೆಯಿದೆ, ಲಭ್ಯತೆ ಇರುವವರಲ್ಲಿ ಶೇ 96.5 ಮಂದಿ ಬಳಸುತ್ತಿದ್ದಾರೆ ಎಂದು ವರದಿ ಮಾಡಿತು. ಬೇರೆ ಸಂಶೋಧಕರು ಬೇರೆ ಪ್ರಶ್ನಾವಳಿಯಿಂದ ಕೆಲವು ರಾಜ್ಯಗಳಲ್ಲಿ ಇದಕ್ಕಿಂತ ಹೆಚ್ಚಿನ ಬಯಲು ಶೌಚವನ್ನು ದಾಖಲಿಸಿದರು. ಚರ್ಚೆ ಏನೇ ಇರಲಿ, ತತ್ತ್ವ ಸರಿಯಾದದ್ದು: ಕೆಲಸ ಮಾಡಿದವರೇ ಅದಕ್ಕೆ ಅಂಕ ಕೊಡಬಾರದು.

ಗ್ರಾಮ ಪಂಚಾಯಿತಿ ಏನನ್ನು ಅಳೆಯಬಹುದು, ಏನನ್ನು ಅಳೆಯಲಾಗದು

ಒಂದು ಲೆಕ್ಕವನ್ನು ಉದಾಹರಣೆಗಾಗಿ ನೋಡೋಣ. ಒಂದು ಪಂಚಾಯಿತಿಯಲ್ಲಿ ಐದು ವರ್ಷದೊಳಗಿನ 300 ಮಕ್ಕಳಿದ್ದಾರೆ. ಯಾವುದೇ ವಾರದಲ್ಲಿ ಶೇ 9 ಮಕ್ಕಳಿಗೆ ಭೇದಿ ಆಗುತ್ತದೆ ಎಂದುಕೊಳ್ಳೋಣ. ಅಂದರೆ 27 ಮಕ್ಕಳು. ಏನೂ ಬದಲಾಗದಿದ್ದರೂ ಈ ಸಂಖ್ಯೆ ಕೇವಲ ಆಕಸ್ಮಿಕವಾಗಿ ಒಂದು ವಾರ 18, ಇನ್ನೊಂದು ವಾರ 36 ಆಗಬಹುದು. ಇದರ ಮೇಲೆ ಋತುವಿನ ಏರಿಳಿತವಿದೆ. ಮಳೆಗಾಲದ ಅಂಕಿಯನ್ನು ಚಳಿಗಾಲದ ಅಂಕಿಯೊಡನೆ ಹೋಲಿಸಿದರೆ ಯಾವ ಕಾರ್ಯಕ್ರಮವೂ ಯಶಸ್ವಿಯಾದಂತೆಯೇ ಕಾಣುತ್ತದೆ. ಜೊತೆಗೆ 2016ರಿಂದ ಹಂತಹಂತವಾಗಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ ರೋಟಾವೈರಸ್ ಲಸಿಕೆ, ಮನೆ ಮನೆಗೆ ಗಂಗೆ ಯೋಜನೆಯ ನಲ್ಲಿ ನೀರು ಇವೂ ಭೇದಿಯನ್ನು ಕಡಿಮೆ ಮಾಡಬಲ್ಲವು. ಆದ್ದರಿಂದ ಭೇದಿಯ ಇಳಿಕೆಗೆ ಶೌಚಾಲಯವೇ ಕಾರಣವೆಂದು ಒಂದು ಪಂಚಾಯಿತಿ ತನ್ನಷ್ಟಕ್ಕೆ ಸಾಬೀತುಪಡಿಸಲಾಗದು. ಆ ಕೆಲಸಕ್ಕೆ ಹೋಲಿಕೆಯ ಗ್ರಾಮಗಳು ಮತ್ತು ಸಾವಿರಾರು ಮಕ್ಕಳ ಮಾಹಿತಿ ಬೇಕು.

ಪಂಚಾಯಿತಿಯ ಕೈಯಲ್ಲಿರುವುದು ನಾಲ್ಕನೆಯ ಕೊಂಡಿ. ಅದಕ್ಕೆ ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಯೋಜನೆಗೆ ಹಣ ಹಂಚುವ ಮೊದಲೇ ಬೇಸ್‌ಲೈನ್ ಸಮೀಕ್ಷೆ ನಡೆಸಬೇಕು. ಕಾಮಗಾರಿ ಮುಗಿದ ಮೇಲೆ ಹಿಂದಿನ ಸ್ಥಿತಿಯನ್ನು ಯಾರೂ ನಿಖರವಾಗಿ ಹೇಳಲಾರರು.

2. ಎಲ್ಲ ಮನೆಗಳಿಗೂ ಹೋಗಬೇಕೆಂದಿಲ್ಲ. 1,200 ಮನೆಗಳಿದ್ದರೆ ತೆರಿಗೆ ವಹಿಯ ಪ್ರಕಾರ ಪ್ರತಿ 20ನೆಯ ಮನೆಯಂತೆ 60 ಮನೆಗಳಿಗೆ ಭೇಟಿ ನೀಡಬಹುದು. ರಸ್ತೆ ಬದಿಯ ಮನೆಗಳನ್ನಷ್ಟೇ ಆರಿಸಬಾರದು; ಊರ ಹೊರಗಿನ ಕೇರಿ, ತಾಂಡಾ, ತೋಟದ ಮನೆಗಳು ಪಟ್ಟಿಯಲ್ಲಿ ಇವೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

3. ಪ್ರತಿಯೊಬ್ಬ ಸದಸ್ಯರ ಬಗ್ಗೆ ಪ್ರತ್ಯೇಕವಾಗಿ ಕೇಳಬೇಕು: ನಿನ್ನೆ ಎಲ್ಲಿಗೆ ಹೋದರು? ಹೊಲದ ಕೆಲಸದ ದಿನ ಎಲ್ಲಿಗೆ? ಎಳೆಮಗುವಿನ ಮಲವನ್ನು ಎಲ್ಲಿ ಹಾಕುತ್ತಾರೆ? ಮಹಿಳೆಯರನ್ನು ಮಹಿಳೆಯರೇ ಕೇಳುವುದು ಒಳಿತು.

4. ಕೇಳಿದ್ದನ್ನು ಕಂಡದ್ದರೊಂದಿಗೆ ತಾಳೆ ನೋಡಬೇಕು. ಬೇಸಿನ್ ಒದ್ದೆಯಾಗಿದೆಯೇ, ಬಾಗಿಲಿಗೆ ಹೋಗುವ ದಾರಿ ಸವೆದಿದೆಯೇ, ಒಳಗೆ ಸೌದೆ ಅಥವಾ ಗೊಬ್ಬರದ ಚೀಲ ತುಂಬಿದೆಯೇ, ನೀರು ಮತ್ತು ಸಾಬೂನು ಇದೆಯೇ, ತಿರುವು ತೊಟ್ಟಿ ಸರಿಯಾಗಿದೆಯೇ.

5. ಕಾಮಗಾರಿ ನಿರ್ವಹಿಸಿದವರು ಸಮೀಕ್ಷೆ ಮಾಡಬಾರದು. ಪಕ್ಕದ ಪಂಚಾಯಿತಿಯ ಸ್ವಸಹಾಯ ಸಂಘದ ಸದಸ್ಯೆಯರೊಂದಿಗೆ ಪರಸ್ಪರ ವಿನಿಮಯದ ವ್ಯವಸ್ಥೆ ಮಾಡಿಕೊಳ್ಳಬಹುದು.

6. ಮುಂದಿನ ವರ್ಷ ಅದೇ ತಿಂಗಳಲ್ಲಿ, ಅದೇ ಪ್ರಶ್ನೆಗಳೊಂದಿಗೆ ಪುನಃ ಭೇಟಿ ನೀಡಬೇಕು.

ಅಂಕಿಯನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. 60 ಮನೆಗಳಲ್ಲಿ 45ರಲ್ಲಿ ಎಲ್ಲರೂ ಶೌಚಾಲಯ ಬಳಸುತ್ತಿದ್ದರೆ ಅದು ಶೇ 75. ಆದರೆ ಮಾದರಿ ಚಿಕ್ಕದಾದ್ದರಿಂದ ಇಡೀ ಪಂಚಾಯಿತಿಯ ನಿಜವಾದ ಪ್ರಮಾಣ ಸುಮಾರು ಶೇ 64ರಿಂದ ಶೇ 86ರ ನಡುವೆ ಎಲ್ಲಿಯಾದರೂ ಇರಬಹುದು. ಮುಂದಿನ ವರ್ಷ ಶೇ 80 ಬಂದರೆ ಅದನ್ನು ಪ್ರಗತಿಯೆಂದು ಘೋಷಿಸಲಾಗದು, ಶೇ 70 ಬಂದರೆ ಹಿನ್ನಡೆಯೆಂದೂ ಹೇಳಲಾಗದು. ಶೇ 95ಕ್ಕೆ ಏರಿದರೆ ಅಥವಾ ಶೇ 50ಕ್ಕೆ ಇಳಿದರೆ ಮಾತ್ರ ನಿಜವಾದ ಬದಲಾವಣೆ ನಡೆದಿದೆ ಎಂದು ತಿಳಿಯಬಹುದು.

ಹಣ ಹಂಚಿಕೆಗೆ ಇದರ ಸಂಬಂಧ

ಇಷ್ಟು ಶ್ರಮ ಏಕೆ ಎಂಬ ಪ್ರಶ್ನೆ ಸಹಜ. ಸಮೀಕ್ಷೆಯ ಫಲಿತಾಂಶಕ್ಕೆ ಅನುಗುಣವಾಗಿ ಹಣ ಹೋಗಬೇಕಾದ ಬಾಬತ್ತು ಬದಲಾಗುತ್ತದೆ. ಶೌಚಾಲಯವೇ ಇಲ್ಲದ ಮನೆಗಳು ಒಂದೇ ಕೇರಿಯಲ್ಲಿ ಹೆಚ್ಚಿದ್ದರೆ ಆ ಕೇರಿಗೆ ಆದ್ಯತೆ ನೀಡಬೇಕು. ಶೌಚಾಲಯವಿದ್ದು ನೀರಿಲ್ಲದಿದ್ದರೆ ಹೊಸ ಶೌಚಾಲಯಕ್ಕಿಂತ ನೀರಿನ ಕಾಮಗಾರಿ ಮುಖ್ಯ. ಎಲ್ಲವೂ ಇದ್ದು ಮನೆಯ ಗಂಡಸರಷ್ಟೇ ಬಯಲಿಗೆ ಹೋಗುತ್ತಿದ್ದರೆ ಬೇಕಾದದ್ದು ಜಾಗೃತಿ, ಸಿಮೆಂಟ್ ಅಲ್ಲ. ಗುಂಡಿಗಳು ತುಂಬುತ್ತಿದ್ದರೆ ಮಲಕೆಸರಿನ ಸಾಗಣೆ ಮತ್ತು ಸಂಸ್ಕರಣೆಯ ವ್ಯವಸ್ಥೆ ಬೇಕು. ನಮ್ಮ ರಾಜ್ಯದ ದೇವನಹಳ್ಳಿಯಲ್ಲಿ 2015ರಲ್ಲಿಯೇ ಪಟ್ಟಣ ಮಟ್ಟದ ಮಲಕೆಸರು ಸಂಸ್ಕರಣಾ ಘಟಕ ಆರಂಭವಾಯಿತು. ಅಂತಹ ಘಟಕವನ್ನು ಹಲವು ಪಂಚಾಯಿತಿಗಳು ಸೇರಿ ಬಳಸುವ ಪ್ರಸ್ತಾವವನ್ನು ತಾಲ್ಲೂಕು ಮಟ್ಟದಲ್ಲಿ ಮಂಡಿಸಬಹುದು.

2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತವನ್ನು ಬಯಲು ಬಹಿರ್ದೆಸೆ ಮುಕ್ತವೆಂದು ಘೋಷಿಸಲಾಯಿತು. ಅನಂತರದ ಹಂತದಲ್ಲಿ ಆ ಸ್ಥಿತಿಯನ್ನು ಉಳಿಸಿಕೊಳ್ಳುವುದು ಮತ್ತು ಘನ ಹಾಗೂ ದ್ರವ ತ್ಯಾಜ್ಯದ ನಿರ್ವಹಣೆ ನಮ್ಮ ಹೊಣೆಯಾಗಿದೆ. ಘೋಷಣೆಗೆ ವಿರುದ್ಧವಾದ ಅಂಕಿ ಹೊರಬಂದರೆ ಪಂಚಾಯಿತಿಗೆ ಕೆಟ್ಟ ಹೆಸರು ಬರುತ್ತದೆ ಎಂಬ ಹಿಂಜರಿಕೆ ಕೆಲವರಲ್ಲಿದೆ. ಪುರಿ ಜಿಲ್ಲೆಯ ಅಂಕಿಗಳು ಪ್ರಕಟವಾಗದೆ ಇದ್ದಿದ್ದರೆ, ಶೇ 63 ತಲುಪಿದ ಆ ಗ್ರಾಮಗಳ ಮಕ್ಕಳು ಸುರಕ್ಷಿತರಾಗಿದ್ದಾರೆಂದೇ ಎಲ್ಲರೂ ನಂಬಿಕೊಂಡಿರುತ್ತಿದ್ದರು. ಆದ್ದರಿಂದ ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ 60 ಮನೆಗಳ ಸಮೀಕ್ಷೆಯ ವಿಷಯವನ್ನು ಸೇರಿಸಿ, ಸಮೀಕ್ಷಾ ತಂಡವನ್ನು ನಿರ್ಣಯದ ಮೂಲಕ ರಚಿಸಿ, ಬಂದ ಫಲಿತಾಂಶವನ್ನು ಅನುಕೂಲವಾಗಿರಲಿ ಪ್ರತಿಕೂಲವಾಗಿರಲಿ ಸೂಚನಾ ಫಲಕದಲ್ಲಿ ಪ್ರಕಟಿಸಬೇಕೆಂದು ಮಾನ್ಯ ಸದಸ್ಯರಲ್ಲಿ ಕೋರಲಾಗಿದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ